ಅಗ್ಗದ ಪಿಕಪ್

"ಅಯ್ಯೋ, ಆಗಲೇ ಗೀರು ಬಿದ್ದಿದೆಯಲ್ಲೇ!" ಮಗಳು ತಂದ ಹೊಸ ಗಿಟಾರನ್ನು ಬಗ್ಗಿ ಒರೆಸುತ್ತಿದ್ದ ತಾಯಿ ಅಂದಳು. ಗಿಟಾರಿನ ವೈರು ಸಿಕ್ಕಿಸಿದ್ದ ಮೂಲೆಯ ಸ್ಪೀಕರು ಅದೇ ಮಾತನ್ನು ತೆಳ್ಳಗೆ ಆಡಿತು, ತಾಯಿಯ ತೀರಿಹೋದ ಅಕ್ಕನ ದನಿಯಲ್ಲಿ. ಒರೆಸುವ ಕೈ ಅಲ್ಲೇ ನಿಂತಿತು.

"ನಿನ್ನದೇ ದನಿ ಕಣಮ್ಮಾ, ದೆವ್ವ ಕಂಡವಳ ಹಾಗೆ ನೋಡ್ಬೇಡ," ಮಗಳು ನಕ್ಕಳು. "ಕೊಟ್ಟ ಕಾಸಿಗೆ ಗಿಟಾರ್ ಚೆನ್ನಾಗೇ ಇದೆ. ತಂತಿ ಕೆಳಗೆ ಕೂತು ಸದ್ದನ್ನ ಸ್ಪೀಕರಿಗೆ ಕಳಿಸೋ ಈ ಪಿಕಪ್ ಮಾತ್ರ ಅಗ್ಗದ್ದು, ಪಕ್ಕದಲ್ಲಿ ಆಡಿದ ಮಾತನ್ನೂ ಹಿಡಿಯುತ್ತೆ. ಸಂಜೆ ಬಿಚ್ಚಿ ಹೊಸದು ಹಾಕ್ತೀನಿ." ಮೇಜಿನ ಮೇಲಿದ್ದ ಹೊಸ ಪಿಕಪ್ಪಿನ ಪೊಟ್ಟಣ ತೋರಿಸಿ ಸ್ನಾನಕ್ಕೆ ಹೋದಳು.

ತಾಯಿ ತಂತಿಗೆ ತುಟಿ ತಾಗುವಷ್ಟು ಬಗ್ಗಿ, ಅಕ್ಕ ದಿನವೂ ಕೇಳುತ್ತಿದ್ದುದನ್ನೇ ಕೇಳಿದಳು: "ಊಟ ಆಯ್ತೇನೇ, ಪುಟ್ಟೀ?" ಮೂಲೆಯಿಂದ ಅಕ್ಕ ಅದನ್ನೇ ಕೇಳಿದಳು. ತಾಯಿ ಪಿಕಪ್ಪಿಗೆ ಸಿಗದ ಹಾಗೆ ಮುಖ ಆಚೆ ತಿರುಗಿಸಿ, "ಆಯ್ತಕ್ಕಾ," ಅಂದಳು.

ಬಚ್ಚಲಿನ ನೀರಿನ ಸದ್ದು ನಿಲ್ಲುವಷ್ಟರಲ್ಲಿ ಪೊಟ್ಟಣ ಕಪಾಟಿನ ಹಳೇ ಬಟ್ಟೆಗಳ ಅಡಿ ಸೇರಿತ್ತು.