ಉಕ್ಕಿನ ಕೈ

ಏನೋ ಸುಟ್ಟ ವಾಸನೆ ಬಂದಾಗ ಜೀವಂಧರ ಮೊದಲು ಬಗ್ಗಿ ನೋಡಿದ್ದು ಬೈಕಿನ ವೈರುಗಳನ್ನು. ಹೊಸನಗರದಲ್ಲಿ ಮದುವೆಯ ಅಡುಗೆ ಹಿಡಿದಿದ್ದ ಅವನು ಹೆಂಡತಿ ಜಿನಮತಿಯನ್ನು ಹಿಂದೆ ಕೂರಿಸಿಕೊಂಡು ಬೆಳಕು ಹರಿಯುವಾಗಲೇ ಅರಳಸುರಳಿಯಿಂದ ಹೊರಟಿದ್ದ. ಚಳಿಗೆ ಬೆರಳು ಮರಗಟ್ಟಿ ಕ್ಲಚ್ ಹಿಡಿಯಲಾಗದೆ, ರಸ್ತೆ ಬದಿಗೆ ನಿಲ್ಲಿಸಿ ಎಂಜಿನ್ನಿಗೆ ಕೈ ಕಾಯಿಸುತ್ತಾ ಕುಕ್ಕರುಗಾಲಲ್ಲಿ ಕೂತಿದ್ದ. ಬಿಸಿ ತಾಗಿದ್ದೇ ತಡ, ಬಲಗೈ ತಾನಾಗಿ ಹಿಂದೆ ಸರಿದಿತ್ತು.

"ರೀ, ಕೈ ತೆಗೀರಿ!" ಜಿನಮತಿ ಚೀರಿ ಅವನ ಎಡಗೈಯನ್ನು ಎಳೆದಳು. ಕಿರುಬೆರಳಿನ ಬುಡದಲ್ಲಿ ಚರ್ಮ ಸುಟ್ಟು ಸುಲಿದು, ಒಂದಿಷ್ಟು ಎಂಜಿನ್ನಿಗೇ ಅಂಟಿಕೊಂಡಿತ್ತು. ಅವನು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ. ನೋವೇ ಇರಲಿಲ್ಲ.

"ಚಳಿ ಮಾರಾಯ್ತಿ, ಜೋಮು ಹಿಡಿದಿದೆ ಅಷ್ಟೆ."

"ಬಲಗೈಗೆ ಚಳಿ ಇರ್ಲಿಲ್ವಾ ಹಾಗಾದ್ರೆ?"

ಜೀವಂಧರ ಎಡಗೈಯನ್ನು ಮೆಲ್ಲಗೆ ಸ್ವೆಟರಿನೊಳಗೆ ಸೇರಿಸಿದ. ಬಸದಿಯ ಊಟದ ದಿನ, ಕುದಿಯುವ ಹಂಡೆಯ ಮುಚ್ಚಳವನ್ನು ಬಟ್ಟೆ ಹಿಡಿಯದೆ ಇದೇ ಕೈಯಲ್ಲಿ ಎತ್ತಿದ್ದ; ಆಗಲೂ ಬಿಸಿಯೇ ಗೊತ್ತಾಗಿರಲಿಲ್ಲ. "ಭಟ್ಟಿಯ ಮುಂದೆ ಪಳಗಿದ ಉಕ್ಕಿನ ಕೈ!" ಎಂದು ಬಡಿಸುವವರೆಲ್ಲ ಬೆರಗಾಗಿದ್ದರು. ಅವನೂ ಬೀಗಿ, ಇನ್ನೊಮ್ಮೆ ಎತ್ತಿ ತೋರಿಸಿದ್ದ.

ಅದು ವೈಶಾಖದಲ್ಲಿ. ಅಂಗಳದ ಕಲ್ಲು ಕಾದು, ಜನ ಬರಿಗಾಲಲ್ಲಿ ಓಡೋಡಿ ದಾಟುತ್ತಿದ್ದ ಮಧ್ಯಾಹ್ನ.