ಮೀಸಲು ಟಗರು

ಧರ್ಮಪುರದಲ್ಲಿ ಬಸ್ಸು ನಿಲ್ಲುವ ಕಡೆ ಸಿದ್ದಕ್ಕ ಬೆಳಗಿನಿಂದ ಕದಲಿರಲಿಲ್ಲ. ಗಂಡ ಜುಂಜಪ್ಪನನ್ನು ಕಡಿದ ಮಾರಣ್ಣ ಅವತ್ತು ಜೈಲಿನಿಂದ ಬಿಡುಗಡೆಯಾಗಿ ಬರುವವನಿದ್ದ. ಪಕ್ಕದಲ್ಲಿ ಹೈಸ್ಕೂಲು ಓದುವ ಜುಂಜಮ್ಮ ಪುಸ್ತಕದ ಹಾಳೆ ಗಾಳಿಗೆ ಹಾರದಂತೆ ಬಲಗೈಯಲ್ಲಿ ಒತ್ತಿಕೊಂಡು ಲೆಕ್ಕ ಬಿಡಿಸುತ್ತಿದ್ದಳು.

ಕೊಲೆ ನಡೆದದ್ದು ಕುರಿ ಮೇಯಿಸುವ ಜಾಗದ ಜಗಳಕ್ಕೆ. ಅದೇ ಹಟ್ಟಿಯ ಎಡಚ ಮಾರಣ್ಣ ಬೀಸಿದ ಕೊಡಲಿ ಒಂದೇ ಏಟಿಗೆ ಜುಂಜಪ್ಪನನ್ನು ಕೆಡವಿತ್ತು. ಅದೇ ವರ್ಷ ಸಿದ್ದಕ್ಕ ಹಟ್ಟಿ ಬಿಟ್ಟಳು. ಕಂಕುಳಲ್ಲಿ ಹಾಲುಗೂಸು, ಮುಂದೆ ಕುರಿಮಂದೆ. ಗುರುತಿನವರಿಲ್ಲದ ಯಲ್ಲದಕೆರೆಯಲ್ಲಿ ನೆಲೆ ನಿಂತು, ಕೂಸಿಗೆ ಸತ್ತವನ ಹೆಸರನ್ನೇ ಇಟ್ಟಳು.

ಮಂದೆಯ ಒಳ್ಳೆಯ ಟಗರೊಂದನ್ನು ದೇವರಿಗೆ ಮೀಸಲು ಬಿಡುವುದು ಕುರಿಯವರ ವಾಡಿಕೆ. ಅದನ್ನು ಮಾರುವಂತಿಲ್ಲ. ಸಿದ್ದಕ್ಕ ಪ್ರತಿ ವರ್ಷ ಮೀಸಲು ಬಿಟ್ಟಳು; ಪ್ರತಿ ವರ್ಷ ಶಾಲೆ ತೆರೆಯುವ ಮುಂಚೆ ಅದನ್ನೇ ಹಿರಿಯೂರಿನ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದಳು. ಹುಡುಗಿಯ ಪುಸ್ತಕ, ಲಂಗ, ಹಾಸ್ಟೆಲ್ಲಿನ ಖರ್ಚು ಎಲ್ಲ ಅದರಿಂದಲೇ.

ಊರಿನ ಹಿರಿಯ ಕಾಟಯ್ಯನಿಗೆ ತಡೆಯಲಾಗಲಿಲ್ಲ. "ಏನವ್ವ ಸಿದ್ದಕ್ಕ, ದೇವ್ರ ಮೀಸಲು ಮಾರ್ತೀಯಾ? ತಬ್ಬಲಿ ಹುಡುಗೀಗೆ ಓದು ಯಾಕೆ? ಕುರಿ ಹಿಂದೆ ಕಳ್ಸು."

"ದೇವ್ರಿಗೆ ಬಿಟ್ಟಿದ್ದಲ್ಲಜ್ಜ. ನನ್ನ ಗಂಡನ್ನ ಕಡಿದೋನಿಗೆ ಬಿಟ್ಟಿದ್ದು. ಹುಡುಗಿ ಓದ್ಲಿ. ಅವ್ನು ಬಂದಾಗ ಬೇಕಾಗ್ತಾಳೆ."

ಲಾಯರಿಕೆ ಓದಿಸಿ ಅವನನ್ನು ಮತ್ತೆ ಜೈಲಿಗೆ ಕಳಿಸುತ್ತಾಳೋ ಏನೋ ಎಂದು ಅಜ್ಜ ಅಂದುಕೊಂಡ. ಪಾಪ, ಅವನಿಗೇನು ಗೊತ್ತು. ಸಿದ್ದಕ್ಕನ ಒಡಲ ಕಿಚ್ಚು ಅಷ್ಟಕ್ಕೆಲ್ಲ ತಣಿಯುವಂಥದಾಗಿರಲಿಲ್ಲ.

ಬಸ್ಸು ಬಂತು. ಇಳಿದವನ ತಲೆಯೆಲ್ಲ ನರೆತಿತ್ತು. ಸಿದ್ದಕ್ಕನನ್ನು ಕಂಡದ್ದೇ ಕುಸಿದು ಕಾಲು ಹಿಡಿದ.

"ತಪ್ಪಾತಕ್ಕ. ನಾನು ಜೈಲಿಗೆ ಹೋದ್ಮ್ಯಾಲೆ ನನ್ನ ಹೆಂಡ್ತಿ ಸತ್ಲಂತೆ. ತೊಟ್ಲಾಗೆ ಹೆಣ್ಣು ಕೂಸಿತ್ತು. ಅದೇನಾತು ಅಂತ ಒಬ್ರೂ ಹೇಳ್ಲಿಲ್ಲ. ನಿಂಗೇನಾರ ಗೊತ್ತೈತಾ?"

ಈ ಮಾತು ಕೇಳಲೆಂದೇ ಸಿದ್ದಕ್ಕ ಇಷ್ಟು ವರ್ಷ ಜೀವ ಹಿಡಿದಿದ್ದಳು. ಹುಡುಗಿಯ ಕಡೆ ತಿರುಗಿದಳು.

"ನೋಡು ಜುಂಜವ್ವ. ನಿಮ್ಮಪ್ಪನ್ನ ಕಡಿದೋನು ಇವ್ನೇ."

ಹುಡುಗಿ ಪೆನ್ನು ಹಿಡಿದೇ ಎದ್ದಳು. ಅವನ ಮುಖಕ್ಕೆ ಕ್ಯಾಕರಿಸಿ ಉಗಿದಳು. ಪುಸ್ತಕ ಎತ್ತಿಕೊಂಡು, ತಿರುಗಿಯೂ ನೋಡದೆ ಬಸ್ಸು ಹತ್ತಿದಳು.

ಮುಖ ಒರೆಸಿಕೊಳ್ಳುತ್ತಿದ್ದವನ ಕಿವಿಗೆ ಸಿದ್ದಕ್ಕ ಬಗ್ಗಿದಳು.

"ಅವ್ಳು ಬರಿಯೋದೂ ಎಡಗೈಯಾಗೇ ಮಾರಣ್ಣ. ನಂಗೆ ಮಕ್ಳಾಗಿರ್ಲಿಲ್ಲ ಅನ್ನೋದು ನಿಂಗೆ ಗೊತ್ತೈತಲ್ಲ."