ಅರ್ಧ ದಾರಿಯಿಂದ ಮರಳಿದ ಸುಗಂಧಿ

ಕಡಲಿನ ಆಳದ ತಳಕ್ಕೆ ಮೊಟ್ಟಮೊದಲು ಇಳಿದವಳು ಸುಗಂಧಿ ಖಾರ್ವಿ. ಧಗೆಗೆ ನೆಲದ ಮೇಲೆ ಬದುಕುವುದೇ ಆಗದೆ ಹೋದಾಗ, ಅವಳು ತೋರಿಸಿದ ದಾರಿಯಲ್ಲೇ ಇಡೀ ಊರು ಕೆಳಗಿಳಿದು ಗಾಜಿನ ಗುಮ್ಮಟದೊಳಗೆ ಸಂಸಾರ ಹೂಡಿತ್ತು. ವರ್ಷಕ್ಕೊಮ್ಮೆ ಅವಳು ಮೇಲೆ ಹೋಗಿ, ನೆಲ ತಣಿದಿದೆಯೇ ಎಂದು ನೋಡಿಕೊಂಡು ಬರುತ್ತಿದ್ದಳು.

ಈ ಸಲ ಅವಳು ಅರ್ಧ ದಾರಿಯಿಂದಲೇ ಮರಳಿದಳು. ತುಂಬು ಬಸುರಿಯಾದ ಮಗಳು ರೇವತಿ ಮನೆಯ ಬಾಗಿಲಲ್ಲೇ ಕಾದು ನಿಂತಿದ್ದಳು.

"ಇಷ್ಟು ಬೇಗ ಬಂದೆಯಲ್ಲ ಅಮ್ಮಾ! ಮೇಲೆ ತಂಪಾಗಿದೆಯಾ? ನನ್ನ ಮಗು ಆಕಾಶ ನೋಡುತ್ತದಾ?"

ಸುಗಂಧಿ ಕೈಗವಸು ಕಳಚಿದಳು. ಬೆರಳುಗಳ ಮೇಲೆಲ್ಲ ಬೊಬ್ಬೆ ಎದ್ದಿತ್ತು.

"ಮೇಲೆ ಹೋಗಲಿಕ್ಕೇ ಆಗಲಿಲ್ಲ. ಹೋದ ವರ್ಷ ತಣ್ಣಗಿದ್ದ ಕಡೆಯೆಲ್ಲ ನೀರು ಈಗ ಸುಡುತ್ತಿದೆ. ಬಿಸಿ ನಮ್ಮ ಹಿಂದೆಯೇ ಕೆಳಗಿಳಿಯುತ್ತಿದೆ ಮಗಾ."

ರೇವತಿ ಸುಟ್ಟ ಬೆರಳುಗಳಿಗೆ ಪಾಚಿ ಅರೆದು ಹಚ್ಚಿದಳು.

"ಹಾಗಾದರೆ ನಾವೂ ಇನ್ನಷ್ಟು ಕೆಳಗೆ ಹೋಗೋಣ. ಅವತ್ತು ಎಲ್ಲರನ್ನೂ ಕರಕೊಂಡು ಬಂದವಳು ನೀನೇ ಅಲ್ಲವಾ?"

"ಈ ಕಡಲಲ್ಲಿ ನಾನು ಇಳಿಯದ ಜಾಗವಿಲ್ಲ. ಇದಕ್ಕಿಂತ ಕೆಳಗೆ ಎಲ್ಲೂ ನೀರಿಲ್ಲ ಮಗಾ."

ಸುದ್ದಿ ಕೇಳಲು ಹೊರಗೆ ಜನ ಸೇರಿದ್ದರು. ತಾನೇ ಹೇಳುತ್ತೇನೆಂದು ಸುಗಂಧಿ ಎದ್ದಳು. ಆದರೆ ಬಾಗಿಲ ತನಕ ಹೋದವಳು ಅಲ್ಲೇ ಕುಸಿದು ಕುಳಿತಳು. ಕೊನೆಗೆ ರೇವತಿಯೇ ಹೊಟ್ಟೆ ಹಿಡಿದುಕೊಂಡು ಹೊರಗೆ ನಡೆದಳು. ಆಚೆಯಿಂದ ಗದ್ದಲ ಕೇಳುತ್ತಿತ್ತು. ಇನ್ನು ಕೆಳಗೆ ಹೋಗಲು ಜಾಗವಿಲ್ಲವೆಂದು ರೇವತಿ ಹೇಳಿದ ಮೇಲೆ ಅದೂ ನಿಂತಿತು.